ಬುಸಾನಿನ ಹುಡುಗ, ಬಯಲಿನ ಆಟ

2016ರ ಅಕ್ಟೋಬರ್ 7, ಶುಕ್ರವಾರ ರಾತ್ರಿ. ನವರಾತ್ರಿಯ ದಿನಗಳು. ಅಹಮದಾಬಾದಿನಲ್ಲಿ ವಿಶ್ವಕಪ್ ಕಬಡ್ಡಿಯ ಮೊದಲ ಪಂದ್ಯ. ಭಾರತಕ್ಕೆ ಎದುರಾಳಿ ದಕ್ಷಿಣ ಕೊರಿಯ. ಹಾವೇರಿಯಿಂದ ಬ್ಯಾಡಗಿಯವರೆಗೆ, ಅಲ್ಲಿಂದ ರಾಣೆಬೆನ್ನೂರಿನವರೆಗೆ, ಕಬಡ್ಡಿಯ ರುಚಿ ಬಲ್ಲವರು ಟಿ.ವಿ. ಮುಂದೆ ಕೂತಿದ್ದರೆ ಅವರಿಗೆ ಗೆಲ್ಲುವವರು ಯಾರೆಂಬ ಅನುಮಾನ ಇದ್ದಿರಲಾರದು. ಎಷ್ಟು ಅಂಕಗಳ ಅಂತರ ಎಂಬುದಷ್ಟೇ ಪ್ರಶ್ನೆ. ಪಂದ್ಯದ ಬಹುಭಾಗ ಹಾಗೆಯೇ ಸಾಗಿತು, ಭಾರತವೇ ಮುಂದಿತ್ತು. ಕೊನೆಯ ಕೆಲವೇ ನಿಮಿಷಗಳಲ್ಲಿ ಏನೋ ಆಯಿತು. ಆಟ ಮುಗಿದಾಗ ಫಲಕದ ಮೇಲಿದ್ದದ್ದು: ಕೊರಿಯ 34, ಭಾರತ 32.

ಮಣ್ಣಿನಲ್ಲಿ ಮೊಣಕಾಲು ತರಚಿಕೊಂಡು ಬೆಳೆದವರಿಗೆ ಇದು ಸುಲಭವಾಗಿ ಜೀರ್ಣವಾಗುವ ಸುದ್ದಿಯಲ್ಲ. ಕ್ರಿಕೆಟ್ಟಿನಲ್ಲಿ ಸೋತರೆ ಇಂಗ್ಲಿಷರ ಆಟ ಎನ್ನಬಹುದು, ಫುಟ್‌ಬಾಲಿನಲ್ಲಿ ಸೋತರೆ ಅಭ್ಯಾಸ ಸಾಲದು ಎನ್ನಬಹುದು. ಕಬಡ್ಡಿಯಲ್ಲಿ ಸೋತರೆ ಏನೆನ್ನುವುದು? ಆ ರಾತ್ರಿ ಭಾರತದ ರಕ್ಷಣಾ ಕೋಟೆಗೆ ಮತ್ತೆ ಮತ್ತೆ ನುಗ್ಗಿ ಅಂಕ ಕಿತ್ತುಕೊಂಡು ಹೋದ ಕೊರಿಯದ ಮುಖ್ಯ ದಾಳಿಗಾರನ ಹೆಸರು ಜಾಂಗ್ ಕುನ್ ಲೀ. ವಿಚಿತ್ರವೆಂದರೆ ನೋಡುಗರಿಗೆ ಅವನು ಅಪರಿಚಿತನಾಗಿರಲಿಲ್ಲ. ಎರಡು ವರ್ಷಗಳಿಂದ ಅವನು ಭಾರತದ ಲೀಗಿನಲ್ಲಿ, ಭಾರತದ ತಂಡವೊಂದರ ಅಂಗಿ ತೊಟ್ಟು, ಭಾರತದ ಆಟಗಾರರ ಜೊತೆಗೇ ಆಡುತ್ತಿದ್ದ.

ಅವನ ಹೆಸರನ್ನು ಅವನ ನಾಡಿನಲ್ಲಿ ಹೇಳುವುದು ಲೀ ಜಾಂಗ್ ಕುನ್ ಎಂದು. ಹಾವೇರಿಯ ಕಡೆ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಮನೆತನದ ಹೆಸರು ಬರುತ್ತದೆ. ಕೊರಿಯದಲ್ಲಿ ಇದು ತಿರುವುಮುರುವು, ಮನೆತನ ಮೊದಲು. ವೀಕ್ಷಕ ವಿವರಣೆಕಾರರು ಅದನ್ನು ತಿರುಗಿಸಿ ಕರೆದರು, ಅದೇ ರೂಢಿಯಾಯಿತು. ಅವನ ಕಬಡ್ಡಿ ಬೆಳೆದದ್ದು ಕೊರಿಯದ ದಕ್ಷಿಣ ತುದಿಯ ದೊಡ್ಡ ಬಂದರು ನಗರ ಬುಸಾನಿನಲ್ಲಿ. ಹಡಗುಗಳ, ಮೀನಿನ ಪೇಟೆಗಳ, ಗುಡ್ಡಗಳ ಊರು. ಅಲ್ಲಿಯ ಬಾಲಕರು ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುವುದಿಲ್ಲ. ಆ ಶಬ್ದವನ್ನೇ ಕೇಳಿರುವುದಿಲ್ಲ. ಲೀ ಕಬಡ್ಡಿಗೆ ಬಂದದ್ದು ಕಾಲೇಜಿನ ವಯಸ್ಸಿನಲ್ಲಿ, ಬುಸಾನಿನ ಡಾಂಗ್-ಯೂಯ್ ವಿಶ್ವವಿದ್ಯಾಲಯ ಸೇರಿದ ಮೇಲೆ. ಕೊರಿಯದ ಕಬಡ್ಡಿಗೆ ತವರು ಎನ್ನಬಹುದಾದ ಜಾಗ ಅದು. ಅಲ್ಲಿ ತಂಡ ಕಟ್ಟಿದರು, ಕಲಿಸುವವರನ್ನು ನೇಮಿಸಿದರು, ಆಟ ತಿಳಿದ ಭಾರತೀಯ ತರಬೇತುದಾರರನ್ನೂ ಕೊರಿಯ ಕರೆಸಿಕೊಂಡಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಬ್ಯಾಡಗಿ ತಾಲ್ಲೂಕಿನ ಹಳ್ಳಿಯ ಹುಡುಗ ಕಬಡ್ಡಿ ಆಡಲು ತೊಡಗುವುದು ಏಳೆಂಟನೆಯ ವಯಸ್ಸಿಗೆ. ಹದಿನಾರಕ್ಕೆ, ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ, ಸಾಮಾನ್ಯವಾಗಿ ಅವನ ಆಟವೂ ಮುಗಿಯುತ್ತದೆ. ಬುಸಾನಿನ ಹುಡುಗ ಆಟವನ್ನು ಶುರುಮಾಡಿದ್ದೇ ಆ ವಯಸ್ಸು ದಾಟಿದ ಮೇಲೆ. ಆದರೂ ಅಹಮದಾಬಾದಿನಲ್ಲಿ ಗೆದ್ದು ಹೊರಟವನು ಅವನು.

ಹಾಗಾದರೆ ಅವನು ಭಾರತಕ್ಕೆ ಬಂದದ್ದೇಕೆ? ಕೊರಿಯದಲ್ಲಿ ಆಟವಾಡಿ ಬದುಕುವುದು ಹೊಸ ಸಂಗತಿಯೇನಲ್ಲ. ಅಲ್ಲಿ ವೃತ್ತಿಪರ ಬೇಸ್‌ಬಾಲ್ ಲೀಗ್ 1982ರಲ್ಲಿ, ಫುಟ್‌ಬಾಲ್ ಲೀಗ್ 1983ರಲ್ಲಿ ಆರಂಭವಾದವು. ಬಾಸ್ಕೆಟ್‌ಬಾಲಿಗೆ ಕೆಬಿಎಲ್ ಎಂಬ ಲೀಗ್ ಬಂದದ್ದು 1997ರಲ್ಲಿ. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಸ್ಯಾಮ್‌ಸಂಗ್, ಎಲ್‌ಜಿ, ಹುಂಡೈನಂಥ ಕಂಪನಿಗಳು ಅಲ್ಲಿ ತಂಡಗಳನ್ನು ಸಾಕುತ್ತವೆ. ಆಟಗಾರನಿಗೆ ಸಂಬಳವಿದೆ, ಕರಾರಿದೆ, ಗಾಯಗೊಂಡರೆ ನೋಡಿಕೊಳ್ಳುವ ವೈದ್ಯರಿದ್ದಾರೆ. ಆದರೆ ಇವೆಲ್ಲ ಬಾಸ್ಕೆಟ್‌ಬಾಲ್ ಆಡುವವನಿಗೆ. ಕಬಡ್ಡಿ ಆಡುವವನಿಗೆ ಕೊರಿಯದಲ್ಲಿ ಲೀಗೂ ಇಲ್ಲ, ಟಿಕೆಟ್ ಕೊಂಡು ನೋಡುವವರೂ ಇಲ್ಲ. ಆಟವನ್ನು ಹೊಟ್ಟೆಪಾಡಾಗಿ ಮಾಡಿಕೊಳ್ಳಬೇಕಾದರೆ ಅವನು ಸಮುದ್ರ ದಾಟಲೇಬೇಕಿತ್ತು.

ಇಂಥದೇ ಇನ್ನೊಂದು ಕೊರಿಯನ್ ಪ್ರಯಾಣವನ್ನು ಪಕ್ಕದಲ್ಲಿಟ್ಟು ನೋಡಿದರೆ ಲೀಯ ಕತೆ ಹೆಚ್ಚು ಅರ್ಥವಾಗುತ್ತದೆ. ಹಾ ಸಂಗ್ ಜಿನ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ 1985ರಲ್ಲಿ ಹುಟ್ಟಿದವನು. ತಂದೆ ರಾಷ್ಟ್ರೀಯ ತಂಡದಲ್ಲಿ ಆಡಿದ್ದವರು, ಅಕ್ಕ ಎರಡು ಮೀಟರ್ ದಾಟಿದ ಆಟಗಾರ್ತಿ. ಅವನ ಎತ್ತರ 221 ಸೆಂಟಿಮೀಟರ್, ಅಂದರೆ ಏಳು ಅಡಿಯ ಮೇಲೆ ಮೂರು ಅಂಗುಲ. ನಮ್ಮ ಮನೆಗಳ ಬಾಗಿಲಲ್ಲಿ ಅವನು ಬಾಗಿದರೂ ಸಾಲದು. 2004ರಲ್ಲಿ ಅಮೆರಿಕದ ಎನ್‌ಬಿಎ ಲೀಗಿನ ವಾರ್ಷಿಕ ಆಯ್ಕೆಯಲ್ಲಿ ಪೋರ್ಟ್‌ಲ್ಯಾಂಡ್ ತಂಡ ಅವನನ್ನು 46ನೆಯವನಾಗಿ ಆರಿಸಿಕೊಂಡಿತು. ಆ ಲೀಗಿನಲ್ಲಿ ಆಡಿದ ಮೊದಲ ಕೊರಿಯನ್ ಅವನೇ. ಎರಡು ಋತುಗಳಲ್ಲಿ ಅವನು ಆಡಿದ ಪಂದ್ಯಗಳ ಸಂಖ್ಯೆಯೂ 46. ಗಳಿಸಿದ್ದು ಪಂದ್ಯಕ್ಕೆ ಸರಾಸರಿ ಒಂದೂವರೆ ಅಂಕ. ಅಷ್ಟಕ್ಕೆ ಅಮೆರಿಕದ ಕನಸು ಮುಗಿಯಿತು.

ಎತ್ತರ ಹುಟ್ಟಿನಿಂದ ಬರುತ್ತದೆ. ಆದರೆ ಎತ್ತರದ ಜೊತೆಗೆ ಚುರುಕಾಗಿ ಓಡುವುದು, ದಣಿಯದಿರುವುದು, ಎದುರಾಳಿಯ ಮುಂದಿನ ಹೆಜ್ಜೆಯನ್ನು ಊಹಿಸುವುದು, ಇವೆಲ್ಲ ಬೇರೆ. ಹಾ ತಾಯ್ನಾಡಿಗೆ ಮರಳಿದ. 2008ರಲ್ಲಿ ಕೆಸಿಸಿ ಎಂಬ ತಂಡ ಕೆಬಿಎಲ್ ಆಯ್ಕೆಯಲ್ಲಿ ಅವನನ್ನೇ ಮೊದಲಿಗನಾಗಿ ಪಡೆಯಿತು. ಆ ತಂಡ 2009ರಲ್ಲಿ ಮತ್ತು 2011ರಲ್ಲಿ ಪ್ರಶಸ್ತಿ ಗೆದ್ದಿತು. 2011ರ ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಅವನೇ ಆದ. 2019ರಲ್ಲಿ ತಂಡ ಕರಾರು ಮುಂದುವರಿಸದಿದ್ದಾಗ ಮೂವತ್ತಮೂರರ ವಯಸ್ಸಿಗೇ ನಿವೃತ್ತಿ ಘೋಷಿಸಿದ. ಏರಿಳಿತವಿದ್ದರೂ ಅದು ತುಂಬು ವೃತ್ತಿಜೀವನವೇ ಸರಿ. ಅಮೆರಿಕದಲ್ಲಿ ಸೋತರೂ ಮರಳಿ ಬಂದು ನಿಲ್ಲಲು ಅವನಿಗೆ ಮನೆಯಲ್ಲೊಂದು ಲೀಗ್ ಇತ್ತು ಎಂಬುದು ಇಲ್ಲಿ ಮುಖ್ಯ. ಲೀಗೆ ಅದಿರಲಿಲ್ಲ.

ಆ ಲೀಗಿನ ಇನ್ನೊಂದು ಪ್ರಸಂಗ ಶಾಲೆಯ ಮಕ್ಕಳಿಗೆ ಹೇಳುವಂಥದು. 2018-19ರ ಋತುವಿಗೆ ಕೆಬಿಎಲ್ ಒಂದು ನಿಯಮ ತಂದಿತು: ವಿದೇಶಿ ಆಟಗಾರರು ಎರಡು ಮೀಟರಿಗಿಂತ ಎತ್ತರ ಇರಕೂಡದು. ಡೇವಿಡ್ ಸೈಮನ್ ಎಂಬ ಅಮೆರಿಕದ ಆಟಗಾರ ಅಳತೆಯಲ್ಲಿ ಎರಡು ಸೆಂಟಿಮೀಟರ್ ಚಿಲ್ಲರೆ ಹೆಚ್ಚಾಗಿ ಕೆಲಸ ಕಳೆದುಕೊಂಡ. ಬೆನ್ನುಮೂಳೆಯ ನಡುವಿನ ಮೆತ್ತನೆಯ ಬಿಲ್ಲೆಗಳು ದಿನವಿಡೀ ದೇಹಭಾರಕ್ಕೆ ಅದುಮಿಕೊಳ್ಳುವುದರಿಂದ ಎಲ್ಲರೂ ಬೆಳಿಗ್ಗೆಗಿಂತ ಸಂಜೆ ಒಂದು ಸೆಂಟಿಮೀಟರಿನಷ್ಟು ಕುಳ್ಳಗಾಗುತ್ತಾರೆ. ಪಾಪ, ಸೈಮನ್‌ಗೆ ಆ ಸಂಜೆಯ ರಿಯಾಯಿತಿಯೂ ಸಾಲದಾಯಿತು. ನಗೆಪಾಟಲಿಗೀಡಾದ ಆ ನಿಯಮವನ್ನು 2019ರಲ್ಲಿ ಕೈಬಿಟ್ಟರು.

ಬಾಸ್ಕೆಟ್‌ಬಾಲ್ ಎತ್ತರವನ್ನು ಅಳೆದರೆ ಕಬಡ್ಡಿ ತೂಕವನ್ನು ಅಳೆಯುತ್ತದೆ. ಭಾರತದ ಲೀಗಿನಲ್ಲಿ ಆಟಗಾರ 85 ಕಿಲೊ ಮೀರಬಾರದು. ಬಾಸ್ಕೆಟ್‌ಬಾಲಿನ ಬಳೆ ನೆಲದಿಂದ 3.05 ಮೀಟರ್ ಮೇಲಿರುತ್ತದೆ, ಅಲ್ಲಿಗೆ ತಲುಪಲು ಎತ್ತರ ಬೇಕು. ಕಬಡ್ಡಿಯಲ್ಲಿ ತಲುಪಬೇಕಾದದ್ದು ನೆಲದ ಮೇಲಿನ ಒಂದು ಗೆರೆ. ಬಾಗಿ, ಭಾರವನ್ನು ತಗ್ಗಿಸಿ ನಿಂತವನೇ ಇಲ್ಲಿ ಗಟ್ಟಿಗ. ಸಾಧಾರಣ ಮೈಕಟ್ಟಿನ ಹುಡುಗನಿಗೂ ಇದರಲ್ಲಿ ಜಾಗವಿದೆ. ಬೆಳವಲದ ಹಳ್ಳಿಗಳಲ್ಲಿ ಈ ಆಟ ಬೇರೂರಲು, ಕಾಸು ಖರ್ಚಿಲ್ಲದಿರುವುದರ ಜೊತೆಗೆ, ಇದೂ ಒಂದು ಕಾರಣವಿರಬೇಕು.

2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದವರು ರಾಕೇಶ್ ಕುಮಾರ್, 12 ಲಕ್ಷ 80 ಸಾವಿರ ರೂಪಾಯಿ. ಅಲ್ಲಿಯವರೆಗೆ ಕಬಡ್ಡಿ ಆಟಗಾರನನ್ನು ಹರಾಜಿಗೆ ಹಾಕಬಹುದೆಂದು ಯಾರೂ ಎಣಿಸಿರಲಿಲ್ಲ. ಒಂಬತ್ತು ವರ್ಷಗಳ ನಂತರ, 2023ರಲ್ಲಿ, ಹಿಂದೆ ಬೆಂಗಳೂರು ಬುಲ್ಸ್‌ನಲ್ಲಿ ಹೆಸರು ಮಾಡಿದ್ದ ಪವನ್ ಸೆಹ್ರಾವತ್ ಅವರಿಗೆ ಸಿಕ್ಕ ಬೆಲೆ 2 ಕೋಟಿ 60 ಲಕ್ಷಕ್ಕೂ ಹೆಚ್ಚು. ಅದೇ ಹರಾಜಿನಲ್ಲಿ ಇರಾನಿನ ಮೊಹಮ್ಮದ್‌ರೇಜಾ ಶಾದ್ಲೂಯಿಗೆ 2 ಕೋಟಿ 35 ಲಕ್ಷ. ಮೆಣಸಿನಕಾಯಿಯ ಧಾರಣೆ ಏರಿಳಿಯುವುದನ್ನು ನೋಡಿ ಬೆಳೆದ ಬ್ಯಾಡಗಿಯವರಿಗೂ ಈ ಏರಿಕೆ ಬೆರಗು ಹುಟ್ಟಿಸುವಂಥದು.

ಲೀ ಬಂದದ್ದು ಮೊದಲ ಋತುವಿಗೇ, ಕೋಲ್ಕತ್ತದ ಬೆಂಗಾಲ್ ವಾರಿಯರ್ಸ್ ತಂಡಕ್ಕೆ. ಆಗವನು ಇಪ್ಪತ್ತರ ಆಚೀಚಿನ ತರುಣ. ಊಟ ಬೇರೆ, ಸೆಕೆ ಬೇರೆ, ಮಾತು ಬೇರೆ. ಆಟದ ಹೆಸರನ್ನು ಉಚ್ಚರಿಸುವುದೇ ಒಂದು ಕಸರತ್ತು. ನಾಲಿಗೆಯನ್ನು ಮಡಚಿ ಅಂಗುಳಕ್ಕೆ ತಾಗಿಸಿ ಹೇಳುವ ‘ಡ’ಕಾರ ಕೊರಿಯನ್ ಭಾಷೆಯಲ್ಲಿಲ್ಲ. ಕನ್ನಡದ ಮಗು ಸಲೀಸಾಗಿ ನುಡಿಯುವ ಶಬ್ದವನ್ನು ಅವನು ಪ್ರತಿ ದಾಳಿಯಲ್ಲೂ, ಎದುರಿಗೆ ಏಳು ಮಂದಿ ಕಾಲಿಗೆ ಕಣ್ಣಿಟ್ಟು ನಿಂತಿರುವಾಗ, ಬಿಡದೆ ಹೇಳಬೇಕು.

ಆ ‘ಬಿಡದೆ ಹೇಳುವುದು’ ಕಬಡ್ಡಿಯ ಜೀವಾಳ. ಮಾತನಾಡುವಾಗ ಉಸಿರು ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ಆದ್ದರಿಂದ ‘ಕಬಡ್ಡಿ ಕಬಡ್ಡಿ’ ಎನ್ನುತ್ತಲೇ ಇರುವ ದಾಳಿಗಾರ ಎದೆಯಲ್ಲಿನ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚುಮಾಡುತ್ತಿರುತ್ತಾನೆ. ಸಹಜವಾಗಿ ಒಮ್ಮೆ ಉಸಿರಾಡಿದಾಗ ಒಳಹೋಗುವ ಗಾಳಿ ಸುಮಾರು ಅರ್ಧ ಲೀಟರ್. ಆರೋಗ್ಯವಂತ ತರುಣ ಆಳವಾಗಿ ಎಳೆದುಕೊಂಡರೆ ನಾಲ್ಕೈದು ಲೀಟರಿನಷ್ಟು ಹೊರಬಿಡಬಲ್ಲ. ಅದೇ ಅವನ ಗಂಟು. ಇನ್ನು ತಡೆಯಲಾರೆ ಎಂಬ ಸಂಕಟ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಮುಗಿದದ್ದರಿಂದ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡ್ ಮಿದುಳಿಗೆ ಆ ಕೂಗು ಹಾಕುತ್ತದೆ. ಹಳ್ಳಿಯ ಹಳೆಯ ಆಟದಲ್ಲಿ ಉಸಿರು ಇರುವಷ್ಟು ಹೊತ್ತು ದಾಳಿ. ಲೀಗಿನ ಆಟದಲ್ಲಿ ಗಡಿಯಾರವಿದೆ, 30 ಸೆಕೆಂಡಿಗೆ ಮುಗಿಯಬೇಕು. ಉಸಿರಿನ ಜೊತೆಗೆ ಈಗ ಲೆಕ್ಕವೂ ಬೇಕು.

ಲೀಯ ವಿಶೇಷ ಪಟ್ಟು ಓಡುತ್ತ ಕೈ ತಾಗಿಸಿ ಬರುವುದು. ರನ್ನಿಂಗ್ ಹ್ಯಾಂಡ್ ಟಚ್ ಎನ್ನುತ್ತಾರೆ. ನೋಡಿದವರಿಗೆ ಬಹಳ ಸರಳ. ಅಂಕಣದಲ್ಲಿ ಅಡ್ಡಲಾಗಿ ಓಡಿ, ಮೂಲೆಯಲ್ಲಿ ನಿಂತವನ ಹೆಗಲನ್ನೋ ಬೆನ್ನನ್ನೋ ಮುಟ್ಟಿ, ನಡುಗೆರೆಗೆ ಮರಳುವುದು. ಒಳಗಿರುವ ಲೆಕ್ಕ ಹೀಗಿದೆ: ಕಣ್ಣು ಕಂಡದ್ದಕ್ಕೆ ಕೈಕಾಲು ಪ್ರತಿಕ್ರಿಯಿಸಲು ಚುರುಕಾದ ಮನುಷ್ಯನಿಗೂ ಸುಮಾರು 0.2 ಸೆಕೆಂಡ್ ಬೇಕು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿರುವ ದಾಳಿಗಾರ ಅಷ್ಟರಲ್ಲಿ ಒಂದು ಮೀಟರ್ ಸರಿದಿರುತ್ತಾನೆ. ಅಂದರೆ ‘ಬಂದ’ ಎಂದು ರಕ್ಷಕನಿಗೆ ಗೊತ್ತಾಗಿ ಕೈ ಚಾಚುವ ಹೊತ್ತಿಗೆ ಅವನು ಒಂದು ತೋಳಿನ ಅಳತೆಗಿಂತ ದೂರ ಹೋಗಿರುತ್ತಾನೆ. ಆದರೆ ಇದು ಫಲಿಸಬೇಕಾದರೆ ಕೈ ಮುಂದೆ ಚಾಚಿದಾಗಲೇ ಕಾಲು ಹಿಂತಿರುಗುವ ದಿಕ್ಕಿಗೆ ತಿರುಗಿರಬೇಕು, ದೇಹದ ಭಾರ ಕೈಯ ಹಿಂದೆ ಹೋಗದೆ ಕಾಲಿನ ಮೇಲೇ ಉಳಿದಿರಬೇಕು. ಅರ್ಧ ಹೆಜ್ಜೆ ತಪ್ಪಿದರೆ ಕಾಲ್ಗಿಣ್ಣು ಎದುರಾಳಿಯ ಮುಷ್ಟಿಯಲ್ಲಿ. ಅದನ್ನು ಸಾವಿರ ಸಲ ಮಾಡಿ ಮೈಗೂಡಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಲೀ ಮೈಗೂಡಿಸಿಕೊಂಡ. 2014ರಿಂದ 2018ರ ಋತುವಿನವರೆಗೆ ಬೆಂಗಾಲ್ ತಂಡದಲ್ಲೇ ಉಳಿದು, ಆ ವರ್ಷಗಳಲ್ಲಿ ಲೀಗಿನ ವಿದೇಶಿ ದಾಳಿಗಾರರಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನಾದ. ಸಾಮಾನ್ಯವಾಗಿ ವಿದೇಶಿ ಆಟಗಾರರನ್ನು ಪ್ರದರ್ಶನಕ್ಕೆ ಇಟ್ಟುಕೊಂಡು ಬೆಂಚಿನ ಮೇಲೆ ಕೂರಿಸುವ ಕಾಲದಲ್ಲಿ ಅವನು ತಂಡದ ಭರವಸೆಯಾಗಿದ್ದ. 2014ರ ಶರತ್ಕಾಲದಲ್ಲೇ ಅವನ ನಾಡಿನ ಇಂಚಿಯಾನಿನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಕಬಡ್ಡಿಯಲ್ಲಿ ಕೊರಿಯದ ಪುರುಷರಿಗೆ ಕಂಚು ಬಂತು. ಫೈನಲ್ಲಿನಲ್ಲಿ ಭಾರತ ಇರಾನನ್ನು 27-25ರಿಂದ ಸೋಲಿಸಿ ಸತತ ಏಳನೆಯ ಚಿನ್ನ ಪಡೆಯಿತು. 1990ರಲ್ಲಿ ಬೀಜಿಂಗಿನಲ್ಲಿ ಕಬಡ್ಡಿ ಸೇರ್ಪಡೆಯಾದಾಗಿನಿಂದ ಒಂದನ್ನೂ ಬಿಟ್ಟಿರಲಿಲ್ಲ. ಅದೇ ಇಂಚಿಯಾನಿನಲ್ಲಿ ಬಾಸ್ಕೆಟ್‌ಬಾಲ್ ಚಿನ್ನವನ್ನು ಕೊರಿಯದವರು ಇರಾನಿನಿಂದ 79-77ರಲ್ಲಿ ಕಸಿದುಕೊಂಡರು.

ಕೊರಿಯದ ಆಟಗಾರನಿಗೆ ಈ ಚಿನ್ನ ಬರಿಯ ಪದಕವಲ್ಲ. ಅಲ್ಲಿ ದೇಹದಾರ್ಢ್ಯವಿರುವ ಪ್ರತಿ ಗಂಡಸೂ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೈನ್ಯದಲ್ಲೋ ಬದಲಿ ಸೇವೆಯಲ್ಲೋ ಕಳೆಯಬೇಕೆಂಬುದು ಕಾನೂನು. ಬಾಸ್ಕೆಟ್‌ಬಾಲಿನ ಹಾ ಕೂಡ 2012ರಿಂದ ಎರಡು ವರ್ಷ ಹೀಗೆ ಆಟ ಬಿಟ್ಟಿದ್ದ. ಒಲಿಂಪಿಕ್ಸಿನಲ್ಲಿ ಯಾವುದಾದರೂ ಪದಕ, ಅಥವಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರಿಗೆ ಮಾತ್ರ ಅದರಿಂದ ವಿನಾಯಿತಿ. ಕಬಡ್ಡಿ ಒಲಿಂಪಿಕ್ಸಿನಲ್ಲಿಲ್ಲ. ಉಳಿದದ್ದು ಏಷ್ಯನ್ ಚಿನ್ನವೊಂದೇ, ಬೆಳ್ಳಿಗೂ ಕಂಚಿಗೂ ರಿಯಾಯಿತಿಯಿಲ್ಲ.

ಈ ಹಿನ್ನೆಲೆಯಲ್ಲಿ 2018ರ ಆಗಸ್ಟಿನ ಜಕಾರ್ತವನ್ನು ನೆನೆಯಬೇಕು. ಗುಂಪಿನ ಪಂದ್ಯದಲ್ಲಿ ಕೊರಿಯ ಭಾರತವನ್ನು 24-23ರಿಂದ ಸೋಲಿಸಿತು. ಏಷ್ಯನ್ ಕ್ರೀಡಾಕೂಟದ ಇತಿಹಾಸದಲ್ಲಿ ಭಾರತದ ಕಬಡ್ಡಿ ತಂಡಕ್ಕೆ ಅದು ಮೊದಲ ಸೋಲು. ಮುಂದೆ ಸೆಮಿಫೈನಲ್ಲಿನಲ್ಲಿ ಇರಾನಿನ ಎದುರು 27-18ರಿಂದ ಬಿದ್ದ ಭಾರತ ಕಂಚು ಹಿಡಿದು ಮರಳಿತು. ಮಹಿಳೆಯರ ಫೈನಲ್ಲಿನಲ್ಲೂ ಇರಾನ್ 27-24ರಿಂದ ಗೆದ್ದಿತು. ಆ ಇರಾನಿ ಹುಡುಗಿಯರಿಗೆ ಆಟ ಕಲಿಸಿದ್ದು ಶೈಲಜಾ ಜೈನ್ ಎಂಬ ಭಾರತೀಯ ಮಹಿಳೆ. ಪುರುಷರ ಚಿನ್ನಕ್ಕಾಗಿ ಇರಾನ್ ಮತ್ತು ಕೊರಿಯ ಎದುರಾದವು. ಕೊರಿಯ 16, ಇರಾನ್ 26. ಲೀಯ ತಂಡಕ್ಕೆ ಬೆಳ್ಳಿ. ಕಬಡ್ಡಿಯಲ್ಲಿ ಕೊರಿಯ ಅಲ್ಲಿಯವರೆಗೆ ಏರಿದ ಅತಿ ಎತ್ತರದ ಮೆಟ್ಟಿಲು ಅದು. ಸೇವೆ ಮುಗಿಸಿರದ ಆಟಗಾರನ ಪಾಲಿಗೆ ಕೈತಪ್ಪಿದ ಎರಡು ವರ್ಷವೂ ಹೌದು.

2019ರಲ್ಲಿ ಲೀ ಬೆಂಗಾಲ್ ಬಿಟ್ಟು ಪಟ್ನಾ ಪೈರೇಟ್ಸ್ ಸೇರಿದ. ಆಟದ ದೈವ ಎಂಥದು ನೋಡಿ. ಅವನು ಅಷ್ಟು ವರ್ಷ ಬೆವರು ಸುರಿಸಿದ ಬೆಂಗಾಲ್ ವಾರಿಯರ್ಸ್ ತನ್ನ ಮೊದಲ ಪ್ರಶಸ್ತಿ ಗೆದ್ದದ್ದು ಅದೇ ವರ್ಷ, ಅವನಿಲ್ಲದಾಗ. ಆ ತಂಡದ ತರಬೇತುದಾರ ಕರ್ನಾಟಕದ ಬಿ.ಸಿ. ರಮೇಶ್. 2020ರಲ್ಲಿ ಕೋವಿಡ್ ಕಾರಣದಿಂದ ಲೀಗ್ ನಡೆಯಲೇ ಇಲ್ಲ. ಮುಂದಿನದು 2021ರ ಡಿಸೆಂಬರಿನಲ್ಲಿ, ಬೆಂಗಳೂರಿನ ಒಂದೇ ಹೋಟೆಲಿನ ಒಳಗೆ, ಪ್ರೇಕ್ಷಕರಿಲ್ಲದೆ ನಡೆಯಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನವನ್ನು ಮರಳಿ ಪಡೆಯಿತು. ಕೊರಿಯಕ್ಕೆ ಪದಕವಿಲ್ಲ.

ರಮೇಶ್ ಅವರ ಹೆಸರು ಬಂದದ್ದರಿಂದ ಕರ್ನಾಟಕದ ಕಡೆ ತಿರುಗಬಹುದು. ಕಬಡ್ಡಿಗೆ 2000ದ ಸಾಲಿನ ಅರ್ಜುನ ಪ್ರಶಸ್ತಿ ಸಿ. ಹೊನ್ನಪ್ಪ ಅವರಿಗೆ, 2001ರದು ಬಿ.ಸಿ. ರಮೇಶ್ ಅವರಿಗೆ ಬಂತು. ಸತತ ಎರಡು ವರ್ಷ ಕನ್ನಡ ನಾಡಿನವರು. ರಮೇಶ್ ಆಡಿದ ಕಾಲದಲ್ಲಿ ಹರಾಜೂ ಇರಲಿಲ್ಲ, ಟಿ.ವಿ.ಯೂ ಇರಲಿಲ್ಲ. ಅವರ ವಿದ್ಯೆಗೆ ಬೆಲೆ ಬಂದದ್ದು ತರಬೇತುದಾರರಾದ ಮೇಲೆ: 2019ರಲ್ಲಿ ಬೆಂಗಾಲ್, 2024ರ ಮಾರ್ಚಿನಲ್ಲಿ ಮುಗಿದ ಹತ್ತನೆಯ ಋತುವಿನಲ್ಲಿ ಪುಣೇರಿ ಪಲ್ಟನ್, ಎರಡೂ ಅವರ ಕೈಕೆಳಗೆ ಪ್ರಶಸ್ತಿ ಗೆದ್ದವು.

ಇನ್ನೊಬ್ಬರು ಮಮತಾ ಪೂಜಾರಿ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಕೃಷಿಕರ ಮನೆಯ ಹುಡುಗಿ. 2010ರ ಗುವಾಂಗ್‌ಝೌ ಮತ್ತು 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಗೆದ್ದಾಗ ಅವರೇ ನಾಯಕಿ. 2014ರ ಅರ್ಜುನ ಪ್ರಶಸ್ತಿ ಅವರದು. ಅವರನ್ನು ಆಟದಲ್ಲಿ ಉಳಿಸಿದ್ದು ಲೀಗಲ್ಲ, ರೈಲ್ವೆಯ ನೌಕರಿ. ಮಹಿಳೆಯರಿಗಾಗಿ 2016ರಲ್ಲಿ ಮೂರೇ ತಂಡಗಳ ಒಂದು ಪ್ರಯೋಗ ನಡೆಯಿತು. ಫೈರ್ ಬರ್ಡ್ಸ್ ಎಂಬ ತಂಡಕ್ಕೆ ಮಮತಾ, ಸ್ಟಾರ್ಮ್ ಕ್ವೀನ್ಸ್ ಎಂಬ ತಂಡಕ್ಕೆ ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ ನಾಯಕಿಯರು. ಫೈನಲ್ ಕೊನೆಯ ಕ್ಷಣದಲ್ಲಿ ಒಂದೇ ಅಂಕದಿಂದ ತೀರ್ಮಾನವಾಯಿತು. ನೋಡಿದವರು ಮೆಚ್ಚಿದರು, ಆದರೆ ಆ ಪಂದ್ಯಾವಳಿ ಪುರುಷರ ಲೀಗಿನಂತೆ ವರ್ಷ ವರ್ಷ ಮುಂದುವರಿಯಲಿಲ್ಲ. ಬುಸಾನಿನ ತರುಣನಿಗೆ ಭಾರತದಲ್ಲಿ ಸಿಕ್ಕಷ್ಟು ವರ್ಷಗಳ ವೃತ್ತಿ ಈ ನೆಲದ ವಿಶ್ವವಿಜೇತ ನಾಯಕಿಗೆ ಆ ಆಟದ ಅಂಕಣದಿಂದ ಸಿಗಲಿಲ್ಲ.

ಈಗ ಹಾವೇರಿಯ ಶಾಲೆಗಳ ಬಯಲಿಗೆ ಬರೋಣ. ಮಳೆಗಾಲದ ನಡುವೆ ಕ್ರೀಡಾಕೂಟಗಳು ಶುರುವಾಗುತ್ತವೆ: ಮೊದಲು ವಲಯ, ಆಮೇಲೆ ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ. ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಅಂಕಣ. ಬರಿಗಾಲಿನ ಮಕ್ಕಳು. ಅವರ ಚುರುಕು, ಅವರ ಹಿಡಿತ ಕಂಡವರಿಗೆ ಪ್ರತಿಭೆಯ ಬರವಿದೆ ಎನಿಸುವುದಿಲ್ಲ. ಜಿಲ್ಲಾಮಟ್ಟ ದಾಟಿದ ಹುಡುಗರು ಮ್ಯಾಟಿನ ಮೇಲೆ ಬೂಟು ಹಾಕಿ ಆಡಬೇಕಾದಾಗ ಕಾಲು ತಡವರಿಸುತ್ತದೆ. ಮಣ್ಣು ಸ್ವಲ್ಪ ಜಾರಲು ಬಿಡುತ್ತದೆ, ಮ್ಯಾಟು ಬೂಟನ್ನು ಹಿಡಿದು ನಿಲ್ಲಿಸುತ್ತದೆ. ಘರ್ಷಣೆ ಬದಲಾದರೆ ಓಟ, ತಿರುವು, ಮಂಡಿಯ ಮೇಲೆ ಬೀಳುವ ಒತ್ತಡ ಎಲ್ಲ ಬದಲಾಗುತ್ತವೆ. ಎಂಟು ವರ್ಷ ಕಲಿತದ್ದನ್ನು ಎಂಟು ದಿನದಲ್ಲಿ ತಿದ್ದಲಾಗದು.

ಅದಕ್ಕಿಂತ ದೊಡ್ಡ ತೊಡಕು ಹದಿನಾರರಿಂದ ಇಪ್ಪತ್ತೆರಡರ ನಡುವಿನದು. ಶಾಲೆ ಮುಗಿದ ಹುಡುಗ ಹೊಲಕ್ಕೆ, ಅಂಗಡಿಗೆ, ಗಿರಣಿಗೆ ಹೋಗುತ್ತಾನೆ, ಇಲ್ಲವೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಹುಡುಗಿಯ ಆಟ ಅದಕ್ಕೂ ಮೊದಲೇ ನಿಲ್ಲುತ್ತದೆ. ಊರ ಜಾತ್ರೆಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆದಾಗ ಮತ್ತೆ ಒಂದು ರಾತ್ರಿ ಚಡ್ಡಿ ತೊಟ್ಟು ಇಳಿಯುತ್ತಾನೆ, ಅಭ್ಯಾಸವಿಲ್ಲದ ಮೈ, ಮರುದಿನ ಎದ್ದೇಳಲಾರ. ಲೀ ಆಟ ಕಲಿತದ್ದು ಸರಿಯಾಗಿ ಈ ವಯಸ್ಸಿನಲ್ಲಿ. ವ್ಯತ್ಯಾಸ ಇಷ್ಟೇ: ಅವನಿಗೆ ಆಗ ಒಂದು ವಿಶ್ವವಿದ್ಯಾಲಯ, ಒಬ್ಬ ಗುರು, ದಿನಾ ಎದುರಾಗಿ ಆಡಲು ಹತ್ತು ಜನ ಜೊತೆಗಾರರು, ಮುಂದೆ ಕಾಣುವಂತೆ ಒಂದು ಲೀಗು ಇದ್ದವು. ಕಬಡ್ಡಿಯ ಪರಂಪರೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವನಲ್ಲಿತ್ತು. ಬ್ಯಾಡಗಿಯ ಹುಡುಗನಲ್ಲಿ ಪರಂಪರೆಯಿದೆ, ಮಿಕ್ಕಿದ್ದು ಇಲ್ಲ.

ಇದರರ್ಥ ಪ್ರತಿ ಹುಡುಗನೂ ಕೋಟಿಯ ಹರಾಜಿಗೆ ಹೋಗುತ್ತಾನೆಂದಲ್ಲ. ಒಂದು ಲೀಗಿಗೆ ಬೇಕಾಗುವವರು ನೂರಿನ್ನೂರು ಮಂದಿ, ಅದೂ ಇಡೀ ದೇಶದಿಂದ. ಅಲ್ಲಿಗೆ ಮುಟ್ಟಿದವನ ಆಟವೂ ಮೂವತ್ತರ ಹೊತ್ತಿಗೆ ಇಳಿಮುಖ. ಏಳಡಿಯ ಹಾ ಮೂವತ್ತಮೂರಕ್ಕೆ ನಿಂತ. ಹೀಗಾಗಿ ಓದನ್ನು ಬಿಟ್ಟು ಆಡಲಿ ಎಂದು ಯಾರೂ ಹೇಳಲಾರರು. ಓದುತ್ತ ಆಡಲು ಸಾಧ್ಯವಾಗುವಂತೆ ಪದವಿಪೂರ್ವ ಕಾಲೇಜಿನ ಸಂಜೆಗಳು ಖಾಲಿ ಇರಬೇಕಾಗಿಲ್ಲ ಎಂದಷ್ಟೇ ಹೇಳಬಹುದು. ತಾಲ್ಲೂಕಿಗೊಂದು ಮ್ಯಾಟು, ಆಟ ಬಲ್ಲ ಒಬ್ಬ ಹಿರಿಯ, ವಾರಕ್ಕೆ ನಾಲ್ಕು ಸಂಜೆ. ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ನೇಮಕಾತಿಯ ಪ್ರಕಟಣೆಗಳನ್ನು ಓದಿ ಹೇಳುವ ಒಬ್ಬ ಮೇಷ್ಟ್ರು. ಬುಸಾನಿನಲ್ಲಿ ಆದದ್ದೂ ಇದಕ್ಕಿಂತ ಬಹಳ ದೊಡ್ಡದೇನಲ್ಲ.

ಮುಂದಿನ ಸಲ ವಲಯಮಟ್ಟದ ಕಬಡ್ಡಿ ನೋಡಲು ಹೋದವರು ಗೆದ್ದ ಶಾಲೆಯ ಹೆಸರು ಕೇಳಿ ಚಪ್ಪಾಳೆ ತಟ್ಟುವುದರ ಜೊತೆಗೆ, ಅಲ್ಲಿಯ ದೈಹಿಕ ಶಿಕ್ಷಕರನ್ನು ಇನ್ನೊಂದು ಮಾತು ಕೇಳಿ ಬರಬಹುದು: ಮೂರು ವರ್ಷದ ಹಿಂದೆ ಗೆದ್ದ ತಂಡದ ಆ ಏಳು ಮಂದಿ ಈಗ ಎಲ್ಲಿದ್ದಾರೆ?